ಪಂಪಿಂಗ್ ಸರಿ ಇದ್ದರೂ ಏದುಸಿರು ಯಾಕೆ? (ಶುಗರ್ ಇರುವವರು ತಪ್ಪದೇ ಓದಿ)



“ಡಾಕ್ಟ್ರೇ, ಆಂಜಿಯೋಗ್ರಾಮ್ ಕ್ಲಿಯರ್. ಎಕೋದಲ್ಲಿ ಪಂಪಿಂಗ್ 60 ಪರ್ಸೆಂಟ್. ಆದರೂ ದಾದರ್ ಸ್ಟೇಷನ್ ಬ್ರಿಡ್ಜ್ ಹತ್ತುವಾಗ ಉಸಿರು ಸಾಲಲ್ಲ, ಯಾಕೆ?” ಹಲವು ವರ್ಷಗಳಿಂದ ಶುಗರ್ ಇರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ವಯಸ್ಸಾಯಿತು ಎಂದು ಸುಮ್ಮನಾಗಬೇಡಿ.

ಶುಗರ್ ರಕ್ತನಾಳ ಕೆಡಿಸುವುದು ಎಲ್ಲರಿಗೂ ಗೊತ್ತು. ಅದು ಹೃದಯದ ಸ್ನಾಯುವನ್ನೂ ನೇರವಾಗಿ ಕೆಡಿಸುತ್ತದೆ. ಬ್ಲಾಕ್ ಇಲ್ಲದೆಯೂ ಹಾರ್ಟ್ ಫೇಲ್ಯೂರ್ ಆದ ನಾಲ್ವರು ಮಧುಮೇಹಿಗಳ ಬಗ್ಗೆ ಅಮೆರಿಕದ ವೈದ್ಯರು 1972ರಲ್ಲೇ ಬರೆದಿದ್ದರು. 1974ರ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, ಶುಗರ್ ಇರುವ ಗಂಡಸರಿಗೆ ಹಾರ್ಟ್ ಫೇಲ್ಯೂರ್ ಅಪಾಯ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಿಗೆ ಸುಮಾರು ಐದು ಪಟ್ಟು ಎಂದು ಕಂಡುಬಂತು. ಮನೆಯ ಹೆಂಗಸರ ಏದುಸಿರನ್ನೇ ನಾವು ಕಡೆಗಣಿಸುವುದು ಹೆಚ್ಚು, ನೋಡಿ.

ಒಳಗೆ ಆಗುವುದೇನು? ಪ್ರತಿ ಬಡಿತಕ್ಕೂ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಚಿಲಕ ತೆಗೆದಂತಾಗಿ ಸ್ನಾಯುವಿನ ಎಳೆಗಳು ಜಾರಿ ಹೃದಯ ಹಿಂಡುತ್ತದೆ. (ಹಾರ್ಟ್ ಅಟ್ಯಾಕ್ ಅನುಮಾನ ಬಂದಾಗ ರಕ್ತದಲ್ಲಿ ನೋಡುವ ಟ್ರೋಪೋನಿನ್ ಇದೇ.) ಹಿಂಡಿದ್ದು ಸಡಿಲವಾಗಬೇಕಾದರೆ ಕ್ಯಾಲ್ಸಿಯಂ ತನ್ನ ಗೋದಾಮಿಗೆ ವಾಪಸ್ ಹೋಗಬೇಕು. ಅದನ್ನು ಒಳಗೆಳೆಯುವ ಪಂಪಿನ ಹೆಸರು ಸರ್ಕಾ. ಫಾಸ್ಫೋಲ್ಯಾಂಬನ್ ಎಂಬ ಇನ್ನೊಂದು ಪ್ರೋಟೀನ್ ಆ ಪಂಪಿಗೆ ಬ್ರೇಕ್. ಮಧುಮೇಹದಲ್ಲಿ ಪಂಪ್ ನಿಧಾನವಾಗಿ, ಬ್ರೇಕ್ ಬಿಗಿಯಾಗುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಚೆನ್ನಾಗಿ ಕಂಡಿದೆ. ಜೊತೆಗೆ ಟೈಟಿನ್ ಎಂಬ ಸ್ಪ್ರಿಂಗಿನಂಥ ಪ್ರೋಟೀನ್ ಗಡುಸಾಗುತ್ತದೆ. ಕೋಶಗಳ ನಡುವಿನ ಕೊಲಾಜನ್‌ಗೂ ಸಕ್ಕರೆ ಅಂಟಿ ಅದು ಬಿರುಸಾಗುತ್ತದೆ.

ಹೀಗಾಗಿ ಹೃದಯ ಹಿಂಡುತ್ತದೆ, ಆದರೆ ಪೂರ್ತಿ ಸಡಿಲವಾಗುವುದಿಲ್ಲ. ರಕ್ತ ತುಂಬಿಕೊಳ್ಳಲು ಒಳಗೆ ಒತ್ತಡ ಏರುತ್ತದೆ, ಆ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ತಟ್ಟುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಇದರಿಂದಲೇ. ನಿಮ್ಮ 60 ಪರ್ಸೆಂಟ್ ಹಿಂಡುವಿಕೆಯ ಲೆಕ್ಕ ಮಾತ್ರ.

ಎಕೋ ರಿಪೋರ್ಟಿನಲ್ಲಿ ‘ಡಯಾಸ್ಟಾಲಿಕ್ ಫಂಕ್ಷನ್’ ಎಂಬ ಸಾಲು ಹುಡುಕಿ, ಡಾಕ್ಟರಿಗೆ ತೋರಿಸಿ. ಕಾಲು ಊತ, ರಾತ್ರಿ ಎರಡು ದಿಂಬಿಲ್ಲದೆ ಮಲಗಲಾಗದಿರುವುದು ಇದ್ದರೆ ಎನ್‌ಟಿ-ಪ್ರೋಬಿಎನ್‌ಪಿ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ರಕ್ತಹೀನತೆ, ಶ್ವಾಸಕೋಶದ ಕಾಯಿಲೆಯಿಂದಲೂ ಏದುಸಿರು ಬರಬಹುದು, ಅದನ್ನೂ ನೋಡಿಸಿ. ಬಿಪಿ ಹಿಡಿತದಲ್ಲಿರಲಿ.

ಇಂಥ ಹೃದಯಕ್ಕೆ ಬಹಳ ಕಾಲ ಒಳ್ಳೆಯ ಔಷಧಿಯೇ ಇರಲಿಲ್ಲ. ಶುಗರ್‌ಗೆಂದೇ ಬಂದ ಎಂಪಾಗ್ಲಿಫ್ಲೋಜಿನ್, ಪಂಪಿಂಗ್ ಚೆನ್ನಾಗಿದ್ದೂ ಹಾರ್ಟ್ ಫೇಲ್ಯೂರ್ ಇರುವವರು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ಎಲ್ಲರಿಗೂ ಹೊಂದುವುದಿಲ್ಲ. ಉಪವಾಸ, ವಾಂತಿ-ಭೇದಿಯ ದಿನಗಳಲ್ಲಿ ನಿಲ್ಲಿಸಬೇಕಾಗಬಹುದು, ಮೊದಲೇ ಕೇಳಿಟ್ಟುಕೊಳ್ಳಿ. ಪಯೋಗ್ಲಿಟಜೋನ್ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಅದನ್ನು ತೆಗೆದುಕೊಳ್ಳುತ್ತಾ ಕಾಲು ಊದಿದ್ದರೆ ಈ ವಾರವೇ ಡಾಕ್ಟರನ್ನು ಕಾಣಿ. ಕೂತಲ್ಲೇ ಉಸಿರು ಕಟ್ಟಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.