ಕಂಪನಿಗಳ ದಿವಾಳಿ ಮತ್ತು ಪುನರ್‌ರಚನೆ ಕಾನೂನು: ಏಷ್ಯಾ ದೇಶಗಳ ವಿಚಾರ ವಿನಿಮಯ ಹಾಗೂ ಚಿತ್ರದುರ್ಗ ಜಿಲ್ಲೆಯ ಕಾರ್ಮಿಕರು, ಸರಬರಾಜುದಾರರಿಗೆ ಮಾಹಿತಿ

ಪೀಠಿಕೆ

ಕಂಪನಿಯೊಂದು ಸಾಲ ತೀರಿಸಲಾಗದ ಸ್ಥಿತಿಯನ್ನು ತಲುಪಿದಾಗ ಅದರ ಪರಿಣಾಮವು ಬ್ಯಾಂಕುಗಳಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ವೇತನ ಬಾಕಿ ಇರುವ ಕಾರ್ಮಿಕರು, ಕಡ ಕೊಟ್ಟ ಸರಕಿನ ಹಣ ಬರಬೇಕಾದ ವರ್ತಕರು ಮತ್ತು ಬಾಡಿಗೆ ಬಾಕಿ ಇರುವ ಲಾರಿ ಮಾಲೀಕರು ಸಹ ತೊಂದರೆಗೆ ಒಳಗಾಗುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಇಂತಹವರಿಗೆ ಈ ಕಾನೂನಿನ ಹಿನ್ನೆಲೆಯನ್ನೂ ಅದರಡಿ ಬಾಕಿ ಕೋರುವ ವಿಧಾನವನ್ನೂ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಹಿಂದಿನ ವ್ಯವಸ್ಥೆ

1985ರ ರೋಗಗ್ರಸ್ತ ಕೈಗಾರಿಕಾ ಕಂಪನಿಗಳ ಅಧಿನಿಯಮದಡಿ ಕೈಗಾರಿಕಾ ಮತ್ತು ಹಣಕಾಸು ಪುನಶ್ಚೇತನ ಮಂಡಳಿಯನ್ನು ರಚಿಸಲಾಗಿತ್ತು. ಪುನಶ್ಚೇತನ ಸಾಧ್ಯವಾಗದ ಕಂಪನಿಗಳನ್ನು ಉಚ್ಚ ನ್ಯಾಯಾಲಯದ ಮೂಲಕ ಸಮಾಪನೆಗೊಳಿಸಲಾಗುತ್ತಿತ್ತು. ಈ ಪ್ರಕ್ರಿಯೆಗಳು ಅನೇಕ ವರ್ಷ ನಡೆಯುತ್ತಿದ್ದು, ಅಷ್ಟರಲ್ಲಿ ಯಂತ್ರೋಪಕರಣಗಳ ಮೌಲ್ಯ ಕುಸಿಯುತ್ತಿತ್ತು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯೂ ಸಮಾಪನೆಗೆ ಒಳಗಾದ ಕಂಪನಿಗಳಲ್ಲಿ ಒಂದಾಗಿದೆ.

ಏಷ್ಯಾ ದೇಶಗಳ ನಡುವಿನ ವಿಚಾರ ವಿನಿಮಯ

1997ರ ಏಷ್ಯಾ ಆರ್ಥಿಕ ಬಿಕ್ಕಟ್ಟಿನಲ್ಲಿ ಥಾಯ್ಲೆಂಡ್, ಇಂಡೋನೇಷ್ಯಾ ಮತ್ತು ದಕ್ಷಿಣ ಕೊರಿಯಾದ ಅನೇಕ ಕಂಪನಿಗಳು ಸಾಲ ತೀರಿಸಲಾಗದೆ ಹೋದವು. ಉಳಿಯಬಲ್ಲ ಕಂಪನಿಯನ್ನು ಮುಚ್ಚದೆ ಅದರ ಸಾಲವನ್ನು ಪುನರ್‌ರಚಿಸುವ ಬಗೆ ಯಾವುದೆಂಬ ಪ್ರಶ್ನೆಯು ಆಗ ಈ ಪ್ರದೇಶದ ಎಲ್ಲ ದೇಶಗಳ ಮುಂದೆ ಬಂದಿತು. ಇದರ ಫಲವಾಗಿ ಏಷ್ಯಾ ದಿವಾಳಿ ಸುಧಾರಣಾ ವೇದಿಕೆಯು ರೂಪುಗೊಂಡು, ವಿವಿಧ ದೇಶಗಳ ನ್ಯಾಯಾಧೀಶರು, ಪ್ರಾಧ್ಯಾಪಕರು ಮತ್ತು ಅಧಿಕಾರಿಗಳನ್ನು ಒಂದೆಡೆ ಸೇರಿಸಿತು. ವೇದಿಕೆಯ ಒಂದು ಸಭೆಯು 2004ರ ನವೆಂಬರ್‌ನಲ್ಲಿ ನವದೆಹಲಿಯಲ್ಲಿ ನಡೆಯಿತು. ನಂತರದ ವರ್ಷಗಳಲ್ಲಿ ಸಿಂಗಪುರದ ಏಷ್ಯನ್ ವ್ಯವಹಾರ ಕಾನೂನು ಸಂಸ್ಥೆಯು ಭಾರತವೂ ಸೇರಿದಂತೆ ಏಷ್ಯಾ ದೇಶಗಳ ಪುನರ್‌ರಚನಾ ಕಾನೂನುಗಳ ತೌಲನಿಕ ಅಧ್ಯಯನವನ್ನು ಕೈಗೊಂಡಿತು.

ಒಂದು ಕಂಪನಿಯ ಪ್ರಕರಣ ಎರಡು ದೇಶಗಳಲ್ಲಿ ನಡೆಯುವಾಗ ಇಂತಹ ತಿಳಿವಳಿಕೆಯ ಅಗತ್ಯ ಸ್ಪಷ್ಟವಾಗುತ್ತದೆ. ಜೆಟ್ ಏರ್‌ವೇಸ್ ಪ್ರಕರಣದಲ್ಲಿ ಭಾರತ ಮತ್ತು ನೆದರ್ಲೆಂಡ್ಸ್‌ನ ಪ್ರಕ್ರಿಯೆಗಳ ನಡುವಣ ಸಹಕಾರ ಒಪ್ಪಂದಕ್ಕೆ 2019ರಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ಅನುಮೋದನೆ ನೀಡಿತು. ಆದಾಗ್ಯೂ ಸದರಿ ಕಂಪನಿಯನ್ನು ಉಳಿಸಿಕೊಳ್ಳಲಾಗಲಿಲ್ಲ. 2024ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಸಮಾಪನೆಗೆ ಆದೇಶಿಸಿತು.

2016ರ ದಿವಾಳಿ ಸಂಹಿತೆ

ನ್ಯಾಯಮೂರ್ತಿ ಇರಾಡಿ ಸಮಿತಿಯ 2000ದ ವರದಿ ಹಾಗೂ ಟಿ.ಕೆ. ವಿಶ್ವನಾಥನ್ ಸಮಿತಿಯ 2015ರ ವರದಿಯ ತರುವಾಯ, ಐಬಿಸಿ ಎಂದು ಕರೆಯಲಾಗುವ ದಿವಾಳಿ ಸಂಹಿತೆಯನ್ನು 2016ರಲ್ಲಿ ಜಾರಿಗೆ ತರಲಾಯಿತು. ಕರ್ನಾಟಕದ ಕಂಪನಿಗಳ ಪ್ರಕರಣಗಳನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ವಿಚಾರಣೆ ಮಾಡುತ್ತದೆ. ಈ ಪ್ರಕರಣಗಳು ಜಿಲ್ಲೆಯ ಸಿವಿಲ್ ನ್ಯಾಯಾಲಯಗಳ ವ್ಯಾಪ್ತಿಗೆ ಬರುವುದಿಲ್ಲ.

2020ರ ಮಾರ್ಚ್‌ನಲ್ಲಿ ಪ್ರಕ್ರಿಯೆ ಆರಂಭಿಸಲು ಅಗತ್ಯವಾದ ಕನಿಷ್ಠ ಬಾಕಿ ಮೊತ್ತವನ್ನು 1 ಲಕ್ಷ ರೂಪಾಯಿಗಳಿಂದ 1 ಕೋಟಿ ರೂಪಾಯಿಗಳಿಗೆ ಏರಿಸಲಾಯಿತು. ಆದುದರಿಂದ ಸಣ್ಣ ಸರಬರಾಜುದಾರರು ತಾವಾಗಿ ಪ್ರಕರಣ ಹೂಡುವುದು ಕಷ್ಟಕರ. ಆದರೆ ಬೇರೆಯವರು ಹೂಡಿದ ಪ್ರಕರಣದಲ್ಲಿ ಎಷ್ಟೇ ಸಣ್ಣ ಮೊತ್ತಕ್ಕಾದರೂ ಕ್ಲೇಮು ಸಲ್ಲಿಸಬಹುದಾಗಿದೆ. ಕಾರ್ಮಿಕರ ಪರವಾಗಿ ನೋಂದಾಯಿತ ಕಾರ್ಮಿಕ ಸಂಘವೇ ಪ್ರಕರಣ ಹೂಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ನೀಡಿದೆ.

ಕ್ಲೇಮು ಸಲ್ಲಿಸುವ ವಿಧಾನ

1. ಪ್ರಕರಣ ದಾಖಲಾದ ನಂತರ ಕಂಪನಿಯ ಆಡಳಿತವನ್ನು ನ್ಯಾಯಮಂಡಳಿಯು ನೇಮಿಸಿದ ವೃತ್ತಿಪರರಿಗೆ ವಹಿಸಲಾಗುತ್ತದೆ. ಅವರು ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ನೀಡತಕ್ಕದ್ದು.

2. ಸರಬರಾಜುದಾರರು ನಮೂನೆ 'ಬಿ', ಕಾರ್ಮಿಕರು ಮತ್ತು ನೌಕರರು ನಮೂನೆ 'ಡಿ' ಹಾಗೂ ಅವರೆಲ್ಲರ ಪರವಾಗಿ ಪ್ರತಿನಿಧಿಯು ನಮೂನೆ 'ಇ' ಸಲ್ಲಿಸಬೇಕು.

3. ಬಿಲ್ಲು, ಸರಕು ತಲುಪಿಸಿದ ಚಲನ್, ವೇತನ ಚೀಟಿ, ನೇಮಕಾತಿ ಆದೇಶ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಪುರಾವೆಯಾಗಿ ಲಗತ್ತಿಸಬಹುದು.

4. ಪ್ರಕಟಣೆಯಲ್ಲಿ ಸೂಚಿಸಿದ ಕಡೆಯ ದಿನಾಂಕವನ್ನು ತಪ್ಪದೇ ಪಾಲಿಸುವುದು. ನ್ಯಾಯಮಂಡಳಿಯು ಪುನರ್‌ರಚನಾ ಯೋಜನೆಗೆ ಅನುಮೋದನೆ ನೀಡಿದ ಬಳಿಕ, ಅದರಲ್ಲಿ ಸೇರದ ಬಾಕಿಗಳು ರದ್ದಾಗುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಹಕ್ಕು ಎಷ್ಟೇ ನ್ಯಾಯವಾದುದಾಗಿದ್ದರೂ, ಕ್ಲೇಮು ಸಲ್ಲಿಸದಿದ್ದಲ್ಲಿ ಹಣ ಕೈತಪ್ಪುವ ಸಂಭವವಿದೆ.

ಹಂಚಿಕೆಯ ಕ್ರಮ

ಕಂಪನಿಯು ಸಮಾಪನೆಗೊಂಡಲ್ಲಿ ಮೊದಲು ಪ್ರಕ್ರಿಯೆಯ ವೆಚ್ಚವನ್ನು ಭರಿಸಲಾಗುತ್ತದೆ. ನಂತರ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಆಸ್ತಿಯ ಅಡಮಾನ ಹೊಂದಿದ ಸಾಲದಾತರ ಜೊತೆಗೆ ಸಮಾನ ಸ್ಥಾನವಿರುತ್ತದೆ. ಇತರ ನೌಕರರ 12 ತಿಂಗಳ ವೇತನವು ಆನಂತರದ ಸ್ಥಾನದಲ್ಲಿದೆ. ಸರಬರಾಜುದಾರರ ಸ್ಥಾನವು ಇವೆಲ್ಲಕ್ಕಿಂತ ಕೆಳಗಿದೆ. ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಉಪದಾನ ನಿಧಿಗಳಿಂದ ಕಾರ್ಮಿಕರಿಗೆ ಸಲ್ಲಬೇಕಾದ ಮೊತ್ತವು ಹಂಚಿಕೆಯ ಆಸ್ತಿಯಲ್ಲಿ ಸೇರುವುದಿಲ್ಲ.

ಸಹಕಾರಿ ಕಾರ್ಖಾನೆಗಳು

ಕೆಲಸವಿಲ್ಲದೆ ಮುಚ್ಚಿದ ಎಲ್ಲ ಸಂಸ್ಥೆಗಳೂ ಕಂಪನಿಗಳಲ್ಲ. ಹಿರಿಯೂರಿನ ವಾಣಿವಿಲಾಸ ಸಕ್ಕರೆ ಕಾರ್ಖಾನೆಯು ಸಹಕಾರಿ ರಂಗದ್ದಾಗಿತ್ತು. ಸಹಕಾರ ಸಂಘಗಳ ಸಮಾಪನೆಯು 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದಡಿ, ನಿಬಂಧಕರು ನೇಮಿಸುವ ಸಮಾಪನಾಧಿಕಾರಿಯ ಮೂಲಕ ನಡೆಯುತ್ತದೆ. ಆದುದರಿಂದ ಬಾಕಿ ಬರಬೇಕಾದವರು ಸಂಸ್ಥೆಯು ಕಂಪನಿಯೋ ಸಹಕಾರ ಸಂಘವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಸೂಕ್ತ.

ನೆರವು

ಭಾರತೀಯ ದಿವಾಳಿ ಮಂಡಳಿಯ ಅಂತರ್ಜಾಲ ತಾಣದಲ್ಲಿ ಸಾರ್ವಜನಿಕ ಪ್ರಕಟಣೆಗಳನ್ನು ನೋಡಬಹುದಾಗಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ಇಂತಹವರು ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ತಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದಾಗಿದೆ.