ಹಳೆಯ ಕಟ್ಟಿಗೆಗೆ ಯಾವ ಎಣ್ಣೆ?

ನಮ್ಮ ಸಿಂಗಟಾಲೂರಿನ ಹಳೆಯ ಮನೆಗಳಲ್ಲಿ ಸಾಗವಾನಿ ಕುರ್ಚಿ, ಪೆಟ್ಟಿಗೆ, ಕಪಾಟುಗಳು ಇನ್ನೂ ಉಳಿದಿವೆ. ಅವು ಬಣ್ಣಗೆಟ್ಟು ಒಣಗಿದಂತೆ ಕಂಡಾಗ ಮನೆಯವರು ಮಾಡುವುದು ಎರಡೇ ಕೆಲಸ: ಕೊಬ್ಬರಿ ಎಣ್ಣೆ ಒರೆಸುವುದು, ಇಲ್ಲವೇ ಗುಜರಿಗೆ ಹಾಕಿ ಪ್ಲಾಸ್ಟಿಕ್ ಕುರ್ಚಿ ತರುವುದು. ನಮ್ಮ ದಾದಾ ಕೂಡುತ್ತಿದ್ದ ಕುರ್ಚಿಯ ಬಗ್ಗೆಯೂ ಇದೇ ಮಾತು ಬಂದಿತ್ತು. ಬಡಗಿ ಚಾಚಾ ಒಬ್ಬರು ಅದನ್ನು ತಿರುಗಿಸಿ ನೋಡಿ, "ಕಟ್ಟಿಗಿ ಗಟ್ಟಿ ಐತಿ, ಎಣ್ಣಿ ಕುಡದು ಭಾಳ ದಿನ ಆಗೇತಿ" ಎಂದರು. ಅವರು ತರಿಸಿದ್ದು ಅಗಸಿ ಎಣ್ಣೆ.

ಅಗಸಿಯೇ ಏಕೆ? ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ, ರೊಟ್ಟಿಯ ಜೊತೆ ಚಟ್ನಿಪುಡಿಯಾಗಿ ತಿನ್ನುವ ಇದೇ ಅಗಸಿಯ ಎಣ್ಣೆಗೆ ಗಾಳಿಯಲ್ಲಿ ಗಟ್ಟಿಯಾಗುವ ಗುಣವಿದೆ. ಅದರ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಲಿನೋಲೆನಿಕ್ ಆಮ್ಲ. ಅದರ ಒಂದೊಂದು ಅಣುವಿನಲ್ಲೂ ಮೂರು ದ್ವಿಬಂಧಗಳು. ಅವು ಆಮ್ಲಜನಕವನ್ನು ಹಿಡಿದು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪದರವಾಗುತ್ತವೆ. ರಸಾಯನಶಾಸ್ತ್ರದಲ್ಲಿ ಓದುವ ಅಯೋಡಿನ್ ಮೌಲ್ಯ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಗಸಿಗೆ 170ಕ್ಕೂ ಹೆಚ್ಚು, ಕುಸುಬಿಗೆ ಸುಮಾರು 145, ಶೇಂಗಾಕ್ಕೆ 90ರ ಆಸುಪಾಸು, ಕೊಬ್ಬರಿಗೆ 10ರಷ್ಟು. ಕೊಬ್ಬರಿ, ಶೇಂಗಾ ಎಣ್ಣೆ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗುವುದಿಲ್ಲ. ಮೊದಲ ದಿನ ಹೊಳೆದು, ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ.

ಕೈ ಹಚ್ಚುವ ಮೊದಲು ಇರುವುದು ಎಣ್ಣೆಯ ಲೇಪವೋ, ಅರಗಿನ ಪಾಲಿಶೋ ನೋಡಬೇಕು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಉಜ್ಜಿ. ಅಂಟಂಟಾಗಿ ಕರಗಿದರೆ ಅದು ಅರಗು, ಅದರ ಮೇಲೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಎಣ್ಣೆಯ ಲೇಪವಾದರೆ ಕೆಲಸ ಸುಲಭ. ಸ್ವಲ್ಪ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಜಿಡ್ಡು ತೆಗೆದು, ಒಂದು ದಿನ ನೆರಳಲ್ಲಿ ಒಣಗಿಸಿ, 320ನೇ ನಂಬರಿನ ಪಾಲಿಶ್ ಕಾಗದದಿಂದ ಕಟ್ಟಿಗೆಯ ಎಳೆಯ ಗುಂಟ ಹಗುರವಾಗಿ ಉಜ್ಜಬೇಕು. ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಹಚ್ಚಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ದಪ್ಪ ಹಚ್ಚಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಎರಡನೆಯ ಸಲ.

ಗಾಣದ ಹಸಿ ಎಣ್ಣೆ ಒಣಗಲು ಹಲವು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಬಣ್ಣದ ಅಂಗಡಿಯ 'ಬಾಯ್ಲ್ಡ್ ಲಿನ್ಸೀಡ್ ಆಯಿಲ್' ಬೇಗ ಒಣಗುತ್ತದೆ. ಅದರಲ್ಲಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳಿರುವುದರಿಂದ ಅಡುಗೆಮನೆಯ ಹತ್ತಿರವೂ ಇಡಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಒರೆಸಿದ ಅರಿವೆ. ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗದೆ ಏರುತ್ತಾ ಹೋಗಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡ ಹೊತ್ತಿದ್ದು ಹೀಗೆಯೇ. ಮರದ ಹಲಗೆಗಳಿಗೆ ಹೊಸ ಲೇಪ ಕೊಡುತ್ತಿದ್ದವರು 22ನೇ ಅಂತಸ್ತಿನಲ್ಲಿ ಬಿಟ್ಟುಹೋದ ಅಗಸಿ ಎಣ್ಣೆಯ ಅರಿವೆಗಳಿಂದ ಬೆಂಕಿ ಶುರುವಾಗಿ, ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಆದ್ದರಿಂದ ಅರಿವೆಯನ್ನು ಬಯಲಿನಲ್ಲಿ ಒಂದೇ ಪದರವಾಗಿ ಹರವಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿ ಇಡಿ. ಹತ್ತಿ, ಕಣಕಿ, ಹೊಟ್ಟು ಇರುವ ಮನೆಗಳಲ್ಲಿ ಈ ಮಾತನ್ನು ಚಿಕ್ಕವರಿಗೂ ಹೇಳಿಡಿ.

ಒಣಗಿದ ಮೇಲೆ ಜೇನುಮೇಣ ತೆಳ್ಳಗೆ ಉಜ್ಜಿದರೆ ಚಹಾದ ಕಲೆ ಬೇಗ ಕೂರುವುದಿಲ್ಲ. ಬಿಸಿ ಪಾತ್ರೆ, ಕಿಟಕಿಯ ನೇರ ಬಿಸಿಲು ಎರಡೂ ಬೇಡ. ಗೆದ್ದಲಿಗೆ ಮಾತ್ರ ಈ ಎಣ್ಣೆ ಔಷಧಿಯಲ್ಲ. ಮಣ್ಣಿನ ನೆಲವಿದ್ದರೆ ಕಾಲುಗಳ ಕೆಳಗೆ ಕಡಪಾ ಕಲ್ಲಿನ ತುಂಡು ಇಟ್ಟು, ತಿಂಗಳಿಗೊಮ್ಮೆ ಎತ್ತಿ ನೋಡಬೇಕು.