ಮೂಗುಬೊಟ್ಟಿನ ತಿರುಪು ಬಿಚ್ಚುವಾಗ ಉಸಿರು ಎಳೆಯಬೇಡಿ

'ನಾಳೆ ಆಪರೇಷನ್, ಮೈಮೇಲೆ ಒಡವೆ ಇರಬಾರದು' ಅಂತ ಆಸ್ಪತ್ರೆಯಲ್ಲಿ ಹೇಳಿದಾಗಲೇ ಎಷ್ಟೋ ಹೆಂಗಸರಿಗೆ ಮೂಗುಬೊಟ್ಟಿನ ನೆನಪಾಗುವುದು. ಮದುವೆಗೆ ಮುಂಚೆ ಹಾಕಿದ್ದು, 20 ವರ್ಷವಾದರೂ ತೆಗೆದಿರುವುದಿಲ್ಲ. ಸೋಪು, ಬೆವರು, ಕೊಳೆ ಸೇರಿ ತಿರುಪು ಕಚ್ಚಿಕೊಂಡಿರುತ್ತದೆ. ಅವಸರದಲ್ಲಿ ಎಳೆದರೆ ಮೂಗು ಹರಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಸಡಿಲವಾದ ತಿರುಪು ಉಸಿರಿನ ಜೊತೆ ಒಳಗೆ ಹೋಗುವುದು. ಹೀಗೆ ಶ್ವಾಸನಾಳಕ್ಕೆ ಇಳಿದ ತಿರುಪನ್ನು ವೈದ್ಯರೇ ಹೊರತೆಗೆಯಬೇಕಾದ ಪ್ರಕರಣಗಳು ನಮ್ಮ ದೇಶದಲ್ಲೂ ವರದಿಯಾಗಿವೆ.

ಮನೆಯಲ್ಲಿ ತೆಗೆಯುವುದು ಹೇಗೆ?

* ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ.
* ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಉಪ್ಪು ಹಾಕಿ. ಅದು ಉಗುರುಬೆಚ್ಚಗಿರುವಾಗ ಹತ್ತಿ ಅದ್ದಿ ಐದು ನಿಮಿಷ ಒತ್ತಿ ಹಿಡಿದರೆ ಕೊಳೆ ನೆನೆಯುತ್ತದೆ.
* ಮಲಗಿಕೊಂಡು ಬಿಚ್ಚಬೇಡಿ. ಕೂತು, ತಲೆ ಮುಂದಕ್ಕೆ ಬಾಗಿಸಿ, ಬಾಯಲ್ಲಿ ಉಸಿರಾಡಿ. ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಳ್ಳಿ.
* ಒಂದು ಕೈಯಲ್ಲಿ ಮುಂದಿನ ಹರಳು ಅಲುಗದಂತೆ ಹಿಡಿದು, ತಿರುಪನ್ನು ಬಾಟಲಿ ಮುಚ್ಚಳ ತೆಗೆಯುವ ದಿಕ್ಕಿಗೆ ತಿರುಗಿಸಿ. ಜಾರಿದರೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಕಿವಿಯೋಲೆಗೂ ಇದೇ ಕ್ರಮ. ತಿರುಪಿಲ್ಲದ, ಒತ್ತಿ ಕೂರಿಸುವ ಓಲೆಯಾದರೆ ಹಿಂದಿನ ಬಿಲ್ಲೆಯನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಇಕ್ಕಳ ಹಾಕಲೇಬೇಡಿ.

ಕೀವು ಇದ್ದರೆ ತೆಗೆಯಬೇಡಿ

ಕೀವಾಗಿದ್ದರೆ ಮೊದಲು ಒಡವೆ ತೆಗೆಯೋಣ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿದು ಗಡ್ಡೆಯಾಗಬಹುದು. ವೈದ್ಯರಿಗೆ ತೋರಿಸಿ, ಅವರು ಹೇಳಿದ ಮೇಲೆ ತೆಗೆಯಿರಿ. ಕಿವಿಯ ಮೇಲ್ಭಾಗದ ಮೃದ್ವಸ್ಥಿ ಊದಿಕೊಂಡಿದ್ದರೆ ತಡ ಮಾಡಿದಷ್ಟೂ ಕಿವಿಯ ಆಕಾರ ಕೆಡುವ ಭಯ. ಮಕ್ಕಳ ಓಲೆಯ ಬಿಲ್ಲೆ ಚರ್ಮದೊಳಗೆ ಹೂತಿದ್ದರೂ ಆಸ್ಪತ್ರೆಯೇ ಸರಿ.

ತಿರುಪು ಮೂಗಿನೊಳಗೆ ಬಿದ್ದರೆ?

ಒಳಗೆ ಎಳೆದುಕೊಳ್ಳಬೇಡಿ. ಬಾಯಲ್ಲಿ ಉಸಿರು ತೆಗೆದುಕೊಂಡು, ಇನ್ನೊಂದು ಹೊಳ್ಳೆ ಮುಚ್ಚಿ ಮೆಲ್ಲಗೆ ಸೀನಿ. ಹೊರಗೆ ಬಾರದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ. ಕೆಮ್ಮು, ಉಬ್ಬಸ ಶುರುವಾದರೆ ಆಗಲೇ 108ಕ್ಕೆ ಫೋನ್ ಮಾಡಿ.

ಎರಡು ಸಲ ಪ್ರಯತ್ನಿಸಿದರೂ ತಿರುಪು ಅಲುಗದಿದ್ದರೆ ಬಿಟ್ಟುಬಿಡಿ, ಅಕ್ಕಸಾಲಿಗರ ಬಳಿ ಹೋಗಿ. ತೂತು ಮುಚ್ಚೀತು ಅಂತ ಪೊರಕೆ ಕಡ್ಡಿ ಚುಚ್ಚಿಕೊಳ್ಳುವುದೂ ಬೇಡ, ಅದರಿಂದಲೇ ಕೀವಾಗುತ್ತದೆ. ಆಪರೇಷನ್ ದಿನ ಗೊತ್ತಿದ್ದರೆ ಎರಡು ದಿನ ಮುಂಚೆಯೇ ಬಿಚ್ಚಿ ನೋಡಿ. ಕಡೇ ಗಳಿಗೆಯ ಗಡಿಬಿಡಿಯಲ್ಲೇ ಅನಾಹುತ ಆಗುವುದು.